ಸಿಡಿ, ಪೆನ್‌ಡ್ರೈವ್, ಹಾಡಿನ ಪುಸ್ತಕ, ಎಲ್‌ಪಿ: ನಿಮ್ಮ ಆಲ್ಬಮ್‌ಗೆ ಯಾವ ಪ್ಯಾಕಿಂಗ್ ಛಲೋ?

ಹಾಡೆಲ್ಲಾ ಯೂಟ್ಯೂಬ್‌ನ್ಯಾಗ ಪುಕ್ಕಟೆ ಸಿಗೋ ಕಾಲದಾಗ ಆಲ್ಬಮ್ ಅಂತ ಒಂದು ವಸ್ತು ಮಾಡಿ, ಅದಕ್ಕೊಂದು ಕವರ್ ಮಾಡಿಸಿ, ರೊಕ್ಕ ಕೊಟ್ಟು ತಗೋರಿ ಅಂದ್ರ ಯಾರು ತಗೋತಾರ? ಬೆಳಗಾವಿ, ಬಾಗಲಕೋಟಿ, ವಿಜಯಪುರ ಕಡೆ ಹಾಡೋ ಮಂದಿ ಭಾಳ ಕೇಳೋ ಪ್ರಶ್ನಿ ಇದು. ತಗೋತಾರ್ರಿ. ಆದ್ರ ಹಾಡು ಕೇಳಾಕಂತ ಅಲ್ಲ, ಆ ಹಾಡಿನವರದೊಂದು ವಸ್ತು ಮನ್ಯಾಗ ಇರ್ಲಿ ಅಂತ, ಇಲ್ಲಾ ಯಾರಿಗರ ಕೊಡಾಕ ಆಗ್ತೈತಿ ಅಂತ ತಗೋತಾರ. ಸಾರೆಗಾಮಾ ಕಂಪನಿ 2017ರಾಗ ಕಾರವಾನ್ ಅಂತ ಹಳೇ ರೇಡಿಯೋ ಹಂಗ ಕಾಣೋ ಡಬ್ಬಿಯೊಳಗ 5000 ಹಿಂದಿ ಹಾಡು ತುಂಬಿ ಮಾರಾಕ ಬಿಟ್ಟಾಗ, ಈ ಹಾಡು ಫೋನಿನ್ಯಾಗ ಸಿಗೂದಿಲ್ಲ ಅಂತ ಯಾರೂ ತಗೊಳ್ಳಲಿಲ್ಲ, ಅವ್ವ-ಅಪ್ಪಗ ಕೊಡಾಕ ಒಂದು ಚಂದನ ಗಿಫ್ಟ್ ಸಿಕ್ತು ಅಂತ ತಗೊಂಡ್ರು. ಪ್ಯಾಕಿಂಗೇ ಮಾಲು ಆತು.

ಹಂಗಾಗಿ ಡಿಸೈನರ್ ಹಂತೇಕ ಹೋಗೂಕಿಂತ ಮೊದ್ಲ ಎರಡು ಮಾತು ಗಟ್ಟಿ ಮಾಡ್ಕೋರಿ: ಇದು ಯಾರ ಕೈಯಾಗ ಹೋಗ್ತೈತಿ, ಮತ್ತ ಯಾವ ಜಾಗಾದಾಗ ಮಾರ್ತೀರಿ. ಬಾದಾಮಿ ಬನಶಂಕರಿ ಜಾತ್ರ್ಯಾಗ ನಾಟಕ ಕಂಪನಿ ಟೆಂಟ್ ಪಕ್ಕ ಟೇಬಲ್ ಹಾಕಿ ಮಾರೋ ಮಾಲು ಬ್ಯಾರೆ, ಬೆಳಗಾವಿ ಕುಮಾರ ಗಂಧರ್ವ ರಂಗಮಂದಿರದ ಹೊರಗ ಕಛೇರಿ ಮುಗಿದ ಮ್ಯಾಲ ಮಾರೋದು ಬ್ಯಾರೆ, ಊರ ಮಠದಾಗ ಭಜನಿ ಮಂದಿಗೆ ಹಂಚೋದು ಇನ್ನೂ ಬ್ಯಾರೆ. ಮೂರಕ್ಕೂ ಒಂದ ಡಬ್ಬಿ ಮಾಡಿಸಿದ್ರ ಮೂರು ಕಡೆನೂ ಅರ್ಧಂಬರ್ಧ ಆಗ್ತೈತಿ.

ಒಂದು ಕಾಲದಾಗ ಈ ತಲಿಬ್ಯಾನಿನೇ ಇರ್ಲಿಲ್ಲ. 78 ಆರ್‌ಪಿಎಂ, ಅಂದ್ರ ನಿಮಿಷಕ್ಕ 78 ಸುತ್ತು ತಿರುಗೋ ಗ್ರಾಮಫೋನ್ ರೆಕಾರ್ಡಿನ ಕಾಲದಾಗ ತಟ್ಟಿ ಒಂದು ಸಾದಾ ಕಾಗದದ ಲಕೋಟಿಯೊಳಗ ಬರ್ತಿತ್ತು, ಅದರ ಮ್ಯಾಲ ಕಂಪನಿ ಹೆಸರು, ನಾಯಿ ಚಿತ್ರ, ನಡುವ ಒಂದು ತೂತು, ಅದರಾಗಿಂದ ಲೇಬಲ್ ಕಾಣಬೇಕು. ಹಾಡಿದವರ ಮಾರಿ ಎಲ್ಲೂ ಇಲ್ಲ. ಅಂಥಾದ್ರಾಗ ಹಿಂದಿ ಸಿನಿಮಾಕ್ಕ ಹಾಡಿದ ನಮ್ಮ ಬೀಳಗಿಯ ಅಮೀರಬಾಯಿ ಹೆಸರಿನ ಮುಂದ 'ಕರ್ನಾಟಕಿ' ಅಂತ ಇತ್ತಲ್ರೀ, ಆ ಒಂದು ಪದಾನೇ ಮುಂಬೈ ಮಂದಿಗೆ ಆಕಿ ಗುರುತು. ಗಂಗೂಬಾಯಿ ಹಾನಗಲ್ ಅವರ ಮೊದಮೊದಲಿನ ರೆಕಾರ್ಡ್ ಬಂದದ್ದಂತೂ 'ಗಾಂಧಾರಿ' ಅನ್ನೋ ಹೆಸರಿನ್ಯಾಗ. ಆಮ್ಯಾಲ 1940ರ ಸುಮಾರಿಗೆ ಅಮೆರಿಕಾದ ಕೊಲಂಬಿಯಾ ಕಂಪನ್ಯಾಗ ಅಲೆಕ್ಸ್ ಸ್ಟೈನ್‌ವೈಸ್ ಅನ್ನೋ ಹುಡುಗ ಡಿಸೈನರ್, ಈ ಕಂದು ಬಣ್ಣದ ಕವರ್ ನೋಡಿ ಯಾರು ತಗೋತಾರ ಅಂತ ಚಿತ್ರ ಬರೆದು ಕವರ್ ಮಾಡಾಕ ಹತ್ತಿದ. ಒಳಗಿನ ಹಾಡು ಅದ, ಹೊರಗಿಂದು ಬದಲಾತು, ಮಾರಾಟ ಏರಿತು. ಅಲ್ಲಿಂದ ಶುರು ಆತು ನೋಡ್ರಿ ಈ ಕವರ್ ಖರ್ಚು.

ಸಿಡಿ: ಡಬ್ಬಿನೋ, ಡಿಜಿಪ್ಯಾಕೋ?

ಸಿಡಿಗೆ ಮೂರು ದಾರಿ ಅದಾವ. ಪ್ಲಾಸ್ಟಿಕ್ ಡಬ್ಬಿ, ಅಂದ್ರ ಜ್ಯುವೆಲ್ ಕೇಸ್, 142 ಮಿಮೀ ಅಗಲ, 125 ಎತ್ತರ, 10 ದಪ್ಪ. ಮುಂದ 12 ಸೆಂಮೀ ಚೌಕಿನ ಪುಸ್ತಕ ಹಾಕಬಹುದು, ಹಿಂದ ಕಾರ್ಡು, ಎರಡೂ ಬದಿಗೆ ಬೆನ್ನಿನ ಪಟ್ಟಿ. ಕಪಾಟಿನ್ಯಾಗ ನಿಲ್ಲಿಸಿದ್ರ ಬೆನ್ನಿನ ಮ್ಯಾಗಿನ ಹೆಸರು ಕಾಣ್ತೈತಿ, ಇದು ಸಣ್ಣ ಲಾಭ ಅಲ್ಲ. ಆದ್ರ ನಮ್ಮ ಕಡೆ ಬಸ್ಸಿನ್ಯಾಗ ಪಾರ್ಸಲ್ ಹಾಕಿ ಕಳಿಸಿದ್ರ ಮ್ಯಾಲಿನ ಮುಚ್ಚಳ ಸೀಳಿ, ನಡುವಿನ ಹಲ್ಲು ಮುರಿದು ಸಿಡಿ ಒಳಗ ಗಲಗಲ ಅಂತ ಬರ್ತೈತಿ. ಡಿಜಿಪ್ಯಾಕ್ ಅಂದ್ರ ದಪ್ಪ ಕಾರ್ಡಿನ ಮಡಿಕಿ, ಒಳಗ ಒಂದು ಟ್ರೇ ಅಂಟಿಸಿರ್ತಾರ. ಸೀಳೂದಿಲ್ಲ, ಆದ್ರ ಮೂಲಿ ಸವಿತಾವ, ಟ್ರೇ ಮುರೀತು ಅಂದ್ರ ಡಬ್ಬಿ ಹಂಗ ಬದಲಿ ಮಾಡಾಕ ಬರೂದಿಲ್ಲ. ಡಬ್ಬಿಗಿಂತ ದುಬಾರಿನೂ ಹೌದು. ಮೂರನೇದು ಬರೇ ಕಾರ್ಡಿನ ಲಕೋಟಿ. ಸೋವಿ, ಹಗುರ, ಜಾತ್ರಿಗೆ ಚೀಲ ತುಂಬಿ ಒಯ್ಯಬಹುದು, ಆದ್ರ ಬೆನ್ನಿಲ್ಲ, ಹಂಗಾಗಿ ಕಪಾಟಿಗೆ ಹೋದ್ರ ಮಾಯ.

ಈ ಮೂರರಾಗ ಡಿಜಿಪ್ಯಾಕಿಗೆ ಒಂದು ವಿಶೇಷ ಲಾಭ ಐತಿ, ಅದನ್ನ ಯಾವ ಪ್ರೆಸ್ಸಿನವರೂ ಹೇಳೂದಿಲ್ಲ. ನಮ್ಮ ಕಡೆ ಆಲ್ಬಮ್ ಅಂದ್ರ ಅದರ ಹಿಂದ ಒಬ್ಬರು ರೊಕ್ಕ ಹಾಕಿದವರು ಇರ್ತಾರ, ಒಬ್ಬರು ಆಶೀರ್ವಾದ ಮಾಡಿದ ಅಜ್ಜಾರು ಇರ್ತಾರ, ಒಬ್ಬ ಸಾಹುಕಾರ ಇರ್ತಾನ, ಎಲ್ಲಾರ ಫೋಟೋನೂ ಬೇಕು. ಇವನ್ನೆಲ್ಲಾ ಮುಂದಿನ ಪುಟದ ಮ್ಯಾಲ ಹಾಕಿದ್ರ ಕವರ್ ಹೋಗಿ ಸರ್ಕಲ್‌ನ್ಯಾಗ ಕಟ್ಟಿದ ಹುಟ್ಟುಹಬ್ಬದ ಫ್ಲೆಕ್ಸ್ ಆಗಿಬಿಡ್ತೈತಿ, ಹಾಡಿದಾಕಿ ಎಲ್ಲದಾಳ ಅಂತ ಹುಡುಕಬೇಕು. ಆರು ಪುಟದ ಡಿಜಿಪ್ಯಾಕ್ ಮಾಡಿಸಿದ್ರ ಒಳಗಿನ ಒಂದು ಪೂರ್ತಿ ಪುಟ ಅವರಿಗೆ ಕೊಡಬಹುದು, ಸಣ್ಣ ಚೌಕದಾಗ ತುರುಕಿದ್ದಕ್ಕಿಂತ ದೊಡ್ಡದಾಗಿ, ಮರ್ಯಾದಿಲೆ. ಅವರಿಗೂ ಖುಷಿ, ಮುಂದಿನ ಪುಟ ನಿಮ್ಮದು. ಇದೊಂದ ಕಾರಣಕ್ಕ ಹೆಚ್ಚಿನ ರೊಕ್ಕ ಕೊಟ್ರೂ ನಡೀತೈತಿ ಅಂತೀನಿ.

ಆದ್ರ ಸಿಡಿ ಹಾಕಿ ಕೇಳಾಕ ಯಾರ ಮನ್ಯಾಗ ಪ್ಲೇಯರ್ ಐತಿ ಹೇಳ್ರಿ? ಹೊಸ ಕಾರಿನ್ಯಾಗ ಇಲ್ಲ, ಲ್ಯಾಪ್‌ಟಾಪಿನ್ಯಾಗ ಇಲ್ಲ. ಸಂಗೀತ ಸಭಾದವರಿಗೆ, ವಿಮರ್ಶೆ ಬರೆಯೋರಿಗೆ, ಗುರುಗಳಿಗೆ ಕೊಡಾಕ ಮಾತ್ರ ಸಿಡಿಗೆ ಇನ್ನೂ ಒಂದು ಗತ್ತು ಐತಿ. 70-80 ನಿಮಿಷ ಹಿಡೀತೈತಿ, ಒಂದು ದೊಡ್ಡ ಖ್ಯಾಲ್ ತುಂಡು ಮಾಡದ ಕೂಡ್ತೈತಿ. ಅಂಥಾ ಕಲಾವಿದರು ಸ್ವಲ್ಪ ಮಾಡಿಸಿರಿ, ಸಾವಿರಗಟ್ಟಲೆ ಬ್ಯಾಡ.

ಟ್ರ್ಯಾಕ್ಟರಿನ್ಯಾಗ ಹೋಗೋ ಹಾಡು

ಕಬ್ಬಿನ ಸೀಜನ್‌ನ್ಯಾಗ ಮುಧೋಳ, ಜಮಖಂಡಿ, ಅಥಣಿ ರೋಡಿಗೆ ನಿಂತ್ರ ಗೊತ್ತಾಗ್ತೈತಿ ಜಾನಪದ ಹಾಡು ಎಲ್ಲಿ ಮಾರ್ತಾವ ಅಂತ, ಟ್ರ್ಯಾಕ್ಟರ್ ಕಾಣೂಕಿಂತ ಮೊದ್ಲ ಅದರ ಹಾಡು ಬರ್ತೈತಿ. ಈ ಹುಡುಗ್ರಿಗೆ ಸಿಡಿ ಕೊಟ್ಟು ಏನ್ ಮಾಡೋದು? ಇಲ್ಲಿ ಪೆನ್‌ಡ್ರೈವೇ ರಾಜ. ಅದರಾಗೂ ಎಟಿಎಂ ಕಾರ್ಡ್ ಅಳತಿಯ ಪೆನ್‌ಡ್ರೈವ್ ಸಿಗ್ತಾವ, 86 ಮಿಮೀ ಉದ್ದ, 54 ಅಗಲದ ಆಸುಪಾಸು, ಎರಡೂ ಬದಿಗೆ ಬಣ್ಣದ ಪ್ರಿಂಟ್ ಹಾಕಬಹುದು. ಕಿಸೆದಾಗ ಕೂಡ್ತೈತಿ. ಸಾದಾ ಪೆನ್‌ಡ್ರೈವ್ ತಗೊಂಡು ಬರೇ ಸ್ಟಿಕ್ಕರ್ ಹಚ್ಚಿದ್ರ ಅದು ಮೊಬೈಲ್ ಅಂಗಡ್ಯಾಗ ಹಾಡು ತುಂಬಿಸಿಕೊಂಡು ಬಂದದ್ದಕ್ಕೂ ನಿಮ್ಮದಕ್ಕೂ ಏನ್ ಫರಕ್ ಉಳೀತು?

ಇಲ್ಲಿ ಪ್ಯಾಕಿಂಗ್ ಅಂದ್ರ ಹೊರಗಿಂದಷ್ಟ ಅಲ್ಲ, ಒಳಗಿನ ಫೈಲ್ ಜೋಡಿಸೋದೂ ಪ್ಯಾಕಿಂಗೇ. ಟ್ರ್ಯಾಕ್ಟರ್, ಟಂಟಂ, ಹಳೇ ಕಾರಿನ ಸ್ಟೀರಿಯೋ ಭಾಳಷ್ಟು ಫ್ಯಾಟ್ 32 (FAT32) ಅಂತ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಬಿಟ್ಟು ಬ್ಯಾರೆ ಓದೂದಿಲ್ಲ, ಹಾಡು ಎಂಪಿ3 ಇರಬೇಕು. ಫೈಲಿಗೆ ಕನ್ನಡ ಅಕ್ಷರದಾಗ ಹೆಸರು ಕೊಟ್ರ ಸ್ಟೀರಿಯೋ ಪರದಿ ಮ್ಯಾಲ ಬರೇ ಚೌಕ ಚೌಕ ಬರ್ತಾವ, ಅದಕ್ಕ ಹೆಸರು ಇಂಗ್ಲಿಷ್ ಲಿಪಿಯೊಳಗ ಕೊಟ್ಟು ಮುಂದ 01, 02 ಅಂತ ನಂಬರ್ ಹಾಕ್ರಿ, ಇಲ್ಲಂದ್ರ ನೀವು ಮೊದ್ಲ ಕೇಳ್ಲಿ ಅಂತ ಇಟ್ಟ ಹಾಡು ನಡುವ ಎಲ್ಲೋ ಬರ್ತೈತಿ. ಪ್ರತಿ ಫೈಲಿನೊಳಗ ಕವರ್ ಚಿತ್ರ, ಹಾಡಿದವರ ಹೆಸರು ಟ್ಯಾಗ್ ಮಾಡ್ರಿ. ಪೆನ್‌ಡ್ರೈವ್‌ನ್ಯಾಗಿಂದು ನಾಳೆ ಹತ್ತು ಫೋನಿಗೆ ಕಾಪಿ ಆಗೋದ ಐತಿ, ತಡೆಯಾಕ ಆಗೂದಿಲ್ಲ, ಕಾಪಿ ಆದ್ರೂ ನಿಮ್ಮ ಮಾರಿ, ನಿಮ್ಮ ಹೆಸರು ಅದರ ಜೋಡಿ ಹೋಗಬೇಕಲ್ಲ.

ಜಾನಪದ ಹುಡುಗ್ರಿಗೆ ಇನ್ನೊಂದು ಕವರ್ ಮುಖ್ಯ, ಯೂಟ್ಯೂಬ್ ಥಂಬ್‌ನೇಲ್, ಅಂದ್ರ ವಿಡಿಯೋ ಒತ್ತೂಕಿಂತ ಮೊದ್ಲ ಕಾಣೋ ಸಣ್ಣ ಚಿತ್ರ. 1280 ಪಿಕ್ಸೆಲ್ ಅಗಲ, 720 ಎತ್ತರ. ಬಲಗಡೆ ಕೆಳಗಿನ ಮೂಲ್ಯಾಗ ಹಾಡಿನ ಅವಧಿ ಬಂದು ಕೂಡ್ತೈತಿ, ಎಷ್ಟೋ ಮಂದಿ ಅಲ್ಲೇ ಹಾಡುಗಾರನ ಹೆಸರು ಬರೆದಿರ್ತಾರ, ಅರ್ಧ ಹೆಸರು ಮುಚ್ಚಿ ಹೋಗಿರ್ತೈತಿ. ಸ್ಪಾಟಿಫೈ, ಆಪಲ್‌ನಂಥಾದ್ದಕ್ಕ ಚೌಕ ಕವರ್ ಬೇಕು, 3000 ಪಿಕ್ಸೆಲ್‌ಗೆ 3000 ಮಾಡಿ ಇಟ್ಕೊಂಡ್ರ ಎಲ್ಲಾ ಕಡೆ ನಡೀತೈತಿ, ಆದ್ರ ಅದರ ಮ್ಯಾಲ ಫೋನ್ ನಂಬರ್, ವೆಬ್‌ಸೈಟ್, ರೇಟು ಹಾಕಿದ್ರ ವಾಪಸ್ ಕಳಿಸ್ತಾರ. 'ಕಾರ್ಯಕ್ರಮಕ್ಕಾಗಿ ಸಂಪರ್ಕಿಸಿ' ಅಂತ ಹಾಕೋ ಚಟ ನಮ್ಮ ಮಂದಿಗೆ ಭಾಳ, ಅದು ಪೆನ್‌ಡ್ರೈವ್ ಕಾರ್ಡಿನ ಹಿಂದ ಇರ್ಲಿ.

ಹಾಡಿನ ಪುಸ್ತಕ: ಯಾರೂ ಲೆಕ್ಕಕ್ಕ ಹಿಡಿಯದ ಪ್ಯಾಕಿಂಗ್

ನನ್ನ ಲೆಕ್ಕದಾಗ ಭಜನಾ ಪದ, ತತ್ವಪದ, ವಚನ ಹಾಡೋರಿಗೆ ಎಲ್ಲಾದಕ್ಕಿಂತ ಛಲೋ ಪ್ಯಾಕಿಂಗ್ ಅಂದ್ರ ಪುಸ್ತಕ. ಭಜನಿ ಮ್ಯಾಳದವರು ಹಾಡು ಕೇಳಿ ಸುಮ್ನ ಕೂಡೂದಿಲ್ಲ, ತಾವೂ ಹಾಡಬೇಕು, ಅದಕ್ಕ ಅವರಿಗೆ ಬೇಕಾದ್ದು ಸಾಹಿತ್ಯ. ಪದ ಬರೆದ ನೋಟ್‌ಬುಕ್ ಒಬ್ಬರಿಂದ ಒಬ್ಬರಿಗೆ ಹೋಗಿ, ಎಣ್ಣಿ ಕಲಿ ಆಗಿ, ನಡುವಿನ ನುಡಿ ಬಿಟ್ಟು ಹೋಗಿ, ಅಂಕಿತ ತಪ್ಪಾಗಿ ಇರ್ತಾವ. ಯೂಟ್ಯೂಬ್‌ನ್ಯಾಗ ಹಾಡು ಸಿಗ್ತೈತಿ, ತಪ್ಪಿಲ್ಲದ ಪೂರ್ತಿ ನುಡಿ ಸಿಗೂದಿಲ್ಲ. ಅಂದ್ರ ಪುಕ್ಕಟೆ ಸಿಗದ ಒಂದು ಮಾಲು ನಿಮ್ಮ ಕೈಯಾಗ ಐತಿ, ಅದನ್ನ ಯಾಕ ಬಿಡ್ತೀರಿ?

ಪುಸ್ತಕ ಮಾಡೋದಾದ್ರ ಕೈಯಾಗ ತಾಳ ಹಿಡಕೊಂಡು ನೆಲದ ಮ್ಯಾಲ ಕುಂತವರು ಓದೋದು ಅಂತ ನೆನಪಿಡ್ರಿ. ಅಕ್ಷರ ದೊಡ್ಡದಿರ್ಲಿ, 16 ಪಾಯಿಂಟಿಗಿಂತ ಕಡಿಮಿ ಬ್ಯಾಡ, ರಾತ್ರಿ ಭಜನಿಗೆ ಬೆಳಕು ಕಮ್ಮಿ ಇರ್ತೈತಿ, ಹಿರಿಯರ ಕಣ್ಣು ಬ್ಯಾರೆ. ಒಂದು ಪದ ಎದುರುಬದರಿನ ಎರಡು ಪುಟದಾಗ ಮುಗೀಬೇಕು, ನಡುವ ಪುಟ ತಿರುವಾಕ ಹೋದ್ರ ತಾಳ ತಪ್ತೈತಿ. ಪುಸ್ತಕ ಬಿಚ್ಚಿಟ್ರ ತಾನಾಗೇ ಮುಚ್ಚಬಾರದು, ಅದಕ್ಕ ಅಂಟಿನ ಬೈಂಡಿಂಗ್‌ಗಿಂತ ನಡುವ ಪಿನ್ ಹೊಡೆದದ್ದು ಇಲ್ಲಾ ವೈರೋ ಸುರುಳಿ ಛಲೋ. ಮತ್ತ ಪ್ರತಿ ಪದದ ಬಾಜೂಕ ಒಂದು ಕ್ಯೂಆರ್ ಕೋಡ್, ಧಾಟಿ ಮರೆತವರು ಫೋನ್ ಹಿಡಿದು ಕೇಳ್ಲಿ. ಕ್ಯೂಆರ್ 2 ಸೆಂಮೀ ಚೌಕಕ್ಕಿಂತ ಸಣ್ಣದು ಮಾಡಬ್ಯಾಡ್ರಿ, ಸುತ್ತ ಬಿಳಿ ಜಾಗ ಬಿಡ್ರಿ, ಬಿಳಿ ಮ್ಯಾಲ ಕರಿ ಇರ್ಲಿ. ತಿಂಗಳ ಬಾಡಿಗಿ ಕಟ್ಟೋ ಡೈನಾಮಿಕ್ ಕೋಡ್ ತಗೊಂಡ್ರ, ಬಾಡಿಗಿ ನಿಲ್ಲಿಸಿದ ದಿನ ಹಂಚಿದ ಪುಸ್ತಕದಾಗಿನ ಎಲ್ಲಾ ಕೋಡ್ ಸತ್ತು ಹೋಗ್ತಾವ.

ಹೊದಿಕಿ ವಿಷಯಕ್ಕ ಬಂದ್ರ, ಬಾಗಲಕೋಟಿ ಜಿಲ್ಲಾದಾಗ ಕುಂತು ಗ್ಲಾಸಿ ಲ್ಯಾಮಿನೇಷನ್ ಒಂದ ದಾರಿ ಅಂತ ಯಾಕ ಅನ್ಕೋಬೇಕ್ರಿ, ಗುಳೇದಗುಡ್ಡದ ಖಣ, ಅಂದ್ರ ಕುಪ್ಪಸದ ಬಟ್ಟಿ, ಐತಿ ಕೈಯಳತಿಯೊಳಗ. ಒಂದು ನೂರು ಪ್ರತಿ ವಿಶೇಷ ಅಂತ ಮಾಡಿ, ಬೆನ್ನಿಗೆ ಖಣದ ಪಟ್ಟಿ ಹಚ್ಚಿ, ಮುಂದಿನ ಹಲಗಿ ಸಾದಾ ಬಿಳಿ ಕಾರ್ಡು ಬಿಟ್ಟು ಹೆಸರು ಮಾತ್ರ ಹಾಕಿ ನೋಡ್ರಿ. ಖಣದ ಆ ಸಣ್ಣ ಗುಡಿ ಹಂಗಿನ ಬುಟ್ಟಾ ಬೆನ್ನಿನ ಮ್ಯಾಲ ಸಾಲಾಗಿ ಬಂದ್ರ, ಮತ್ತ ಯಾವ ಚಿತ್ರಾನೂ ಬ್ಯಾಡ. ಸೋಬಾನ ಪದ, ಬೀಸೋ ಪದ ಹಾಡೋ ಹೆಣ್ಮಕ್ಕಳ ಗುಂಪಿಗಂತೂ ಇದು ಅವರದ ಉಡುಪಿನ ಬಟ್ಟಿ, ತಂದು ಹಚ್ಚಿದ ಅಲಂಕಾರ ಅಲ್ಲ. ಆದ್ರ ಡೊಳ್ಳಿನ ಪದದ ಹುಡುಗ್ರ ಆಲ್ಬಮ್‌ಗೂ ಚಂದ ಕಾಣ್ತೈತಿ ಅಂತ ಖಣ ಹಚ್ಚಿದ್ರ ಅದು ಸುಳ್ಳು ಆಗ್ತೈತಿ, ಅವರಿಗೆ ಕಂಬಳಿ ಐತಿ. ಬಟ್ಟಿ ಕೆಲಸ ಕೈಯಿಂದ ಆಗಬೇಕು, ಟೈಮ್ ತಿಂತೈತಿ, ಬಣ್ಣ ಬಿಡ್ತೈತೇನು ಅಂತ ಒದ್ದಿ ಬಟ್ಟಿಲೆ ತಿಕ್ಕಿ ನೋಡಿ ಆಮ್ಯಾಲ ಅಂಟಿಸ್ರಿ.

ಎಲ್‌ಪಿ ಮತ್ತ ಕ್ಯಾಸೆಟ್

ಎಲ್‌ಪಿ ಅಂದ್ರ 12 ಇಂಚಿನ ಗ್ರಾಮಫೋನ್ ತಟ್ಟಿ, ಅದರ ಕವರ್ ಗೋಡೆಗೆ ತೂಗು ಹಾಕಬಹುದು. ಕವರ್ ಡಿಸೈನಿಗೆ ಇದರಷ್ಟು ದೊಡ್ಡ ಜಾಗ ಯಾವದೂ ಕೊಡೂದಿಲ್ಲ. ಆದ್ರ ಒಂದು ಬದಿಗೆ 20 ನಿಮಿಷ, ಹೆಚ್ಚಂದ್ರ 22-23 ನಿಮಿಷ ಹಾಡು ಛಲೋ ಕೂಡ್ತೈತಿ, ವಿಳಂಬಿತ್, ಅಂದ್ರ ನಿಧಾನ ಲಯದಾಗ ಉದ್ದಕ ಹಾಡೋರು ಕುಂತು ಲೆಕ್ಕ ಹಾಕಬೇಕು. ಪ್ರೆಸ್ ಮಾಡೋರು ನೂರಿನ್ನೂರಕ್ಕಿಂತ ಕಮ್ಮಿ ಆರ್ಡರ್ ಸಾಮಾನ್ಯವಾಗಿ ತಗೊಳ್ಳೂದಿಲ್ಲ, ರೊಕ್ಕ ಮೊದ್ಲ ಹೋಗ್ತೈತಿ, ಮಾಲು ತಡ ಆಗಿ ಬರ್ತೈತಿ. ಬೆಂಗಳೂರು, ಪುಣೆದಾಗ ಕೇಳೋ ಮಂದಿ ಇದ್ರ ಅಷ್ಟ ಕೈ ಹಾಕ್ರಿ.

ಕವರ್ ಆಸೆ ಮಾಲಿಗೆ ಹೆಂಗ ಪೆಟ್ಟು ಕೊಡ್ತೈತಿ ಅನ್ನಾಕ ರೋಲಿಂಗ್ ಸ್ಟೋನ್ಸ್‌ನವರ 1971ರ 'ಸ್ಟಿಕಿ ಫಿಂಗರ್ಸ್' ನೋಡ್ರಿ, ಕವರ್ ಮ್ಯಾಲ ಜೀನ್ಸ್ ಪ್ಯಾಂಟಿನ ಫೋಟೋ, ಅದಕ್ಕ ಖರೇ ಜಿಪ್ ಹಚ್ಚಿದ್ರು, ಐಡಿಯಾ ಆಂಡಿ ವಾರ್ಹೋಲ್‌ಂದು. ಜಗತ್ತೆಲ್ಲಾ ಮಾತಾಡಿತು. ಆದ್ರ ಒಂದರ ಮ್ಯಾಲ ಒಂದು ಪೇರಿಸಿ ಕಳಿಸಿದಾಗ ಜಿಪ್ಪಿನ ಗುಬ್ಬಿ ಒತ್ತಿ ಮ್ಯಾಲಿನ ತಟ್ಟಿಗೆ ತೆಗ್ಗು ಬಿದ್ದು ಹಾಡು ಹಾಳಾಗಾಕ ಹತ್ತಿತು. ಕಡೀಕ ಜಿಪ್ಪನ್ನ ಅರ್ಧ ಕೆಳಗ ಎಳೆದು ಕಳಿಸಿದ್ರು, ಒತ್ತಿದ್ರೂ ನಡುವಿನ ಲೇಬಲ್ ಮ್ಯಾಲ ಒತ್ಲಿ ಅಂತ. ಖಣ ಹಚ್ಚೋರು, ಗೆಜ್ಜಿ ಕಟ್ಟೋರು, ಲೋಹದ ಮುದ್ರಿ ಅಂಟಿಸೋರು ಹತ್ತು ಪ್ರತಿ ಪೇರಿಸಿ ಮ್ಯಾಲ ಭಾರ ಇಟ್ಟು ಒಂದು ವಾರ ಬಿಟ್ಟು ನೋಡ್ರಿ.

ಕ್ಯಾಸೆಟ್ಟು ಈಗ ಬರೇ ಶೋಕಿ. ಅದರ ಕಾಗದದ ಮುಂದಿನ ಮುಖ ಸುಮಾರು 10 ಸೆಂಮೀ ಎತ್ತರ, ಆರೂವರೆ ಅಗಲ, ಬೆನ್ನು ಅರ್ಧ ಇಂಚು, ಮಾಡಾಕ ಸುಲಭ. ಆದ್ರ ಹಾಕಾಕ ಟೇಪ್ ಎಲ್ಲೈತಿ? ಬಿಡ್ರಿ.

ಮಾರಿ ಮತ್ತ ಅಕ್ಷರ

ಯಾವ ಪ್ಯಾಕಿಂಗ್ ಆರಿಸಿದ್ರೂ ಈ ಎರಡು ತಪ್ಪಿದ್ರ ರೊಕ್ಕ ನೀರಾಗ ಹೋತು. ಮೊದ್ಲ ಮಾರಿ. ನಮ್ಮ ಕಡೆ ಕವರ್ ಅಂದ್ರ ಹಿಂದ ಗೋಳಗುಮ್ಮಟ ಇಲ್ಲಾ ಕಿತ್ತೂರ ಚೆನ್ನಮ್ಮ, ಮುಂದ ಕಟ್ ಮಾಡಿ ಅಂಟಿಸಿದ ಹಾಡುಗಾರ, ಮಾರಿ ಮ್ಯಾಲ ಚರ್ಮನ ಕಾಣದಂಗ ಫಿಲ್ಟರ್. ಗೋಳಗುಮ್ಮಟ ವಿಜಯಪುರದವರೆಲ್ಲಾರದೂ ಐತಿ, ಅದು ನಿಮ್ಮ ಬಗ್ಗೆ ಏನ್ ಹೇಳ್ತು? ಸವದತ್ತಿ ಕಡೆ ಚೌಡಕಿ ಪದ ಹಾಡೋ ಅಜ್ಜಿ ಇದ್ದಾಳಂತ ತಿಳ್ಕೋರಿ. ಆಕಿ ಚೌಡಕಿನ ಹತ್ರ ಹಿಡಿದು ತೆಗೀರಿ ಫೋಟೋ, ತಂತಿ ಮೀಟಿ ಮೀಟಿ ಸವೆದ ಬೆರಳು, ಭಂಡಾರ ಹತ್ತಿ ಹಳದಿ ಆದ ಚರ್ಮ, ಬಗಲಾಗ ಹಿಡಿದ ಕಟಗಿ ನುಣುಪು ಆಗಿದ್ದು, ಅಷ್ಟ ಸಾಕು. ಜಾತ್ರ್ಯಾಗ ಟೇಬಲ್ ಮುಂದ ಹಾಯ್ದು ಹೋಗೋ ಮನಷ್ಯಾ ನೂರು ಬಣ್ಣದ ಕವರ್ ನಡುವ ಇದಕ್ಕ ನಿಲ್ತಾನ, ಯಾಕಂದ್ರ ಇದು ಇನ್ನೊಬ್ಬರದಾಗಾಕ ಸಾಧ್ಯ ಇಲ್ಲ.

ಆಮ್ಯಾಲ ಅಕ್ಷರ. ಡಿಟಿಪಿ ಅಂಗಡ್ಯಾಗ ಕೋರಲ್‌ಡ್ರಾ ಮತ್ತ ನುಡಿ ಫಾಂಟ್, ನೀವು ವಾಟ್ಸಾಪ್‌ನ್ಯಾಗ ಕಳಿಸಿದ್ದು ಯೂನಿಕೋಡ್. ಒಂದರಿಂದ ಇನ್ನೊಂದಕ್ಕ ಹಾರಿಸೋವಾಗ ಒತ್ತಕ್ಷರ ಚೆದರಿ, ಅರ್ಕಾವತ್ತು ಜಾಗಾ ಬಿಟ್ಟು ಹೋಗಿರ್ತೈತಿ, ಫೋಟೋಶಾಪಿನ್ಯಾಗ ಟೆಕ್ಸ್ಟ್ ಸೆಟ್ಟಿಂಗ್ ಸರಿ ಇಲ್ಲಂದ್ರ 'ಕೃಷ್ಣ ಪಾರಿಜಾತ'ದ ಕೃಷ್ಣ ಒಡೆದು ಮೂರು ಚೂರು. ಪ್ರೆಸ್ಸಿಗೆ ಕಳಿಸೂಕಿಂತ ಮೊದ್ಲ ಅಕ್ಷರ ಎಲ್ಲಾ ಕರ್ವ್ಸ್‌ಗೆ, ಅಂದ್ರ ಬರೇ ಗೆರಿ ಚಿತ್ರಕ್ಕ, ಬದಲಿ ಮಾಡಿಸಿರಿ, ಆಗ ಅವರ ಕಂಪ್ಯೂಟರಿನ್ಯಾಗ ಫಾಂಟ್ ಇಲ್ಲಂದ್ರೂ ಏನೂ ಆಗೂದಿಲ್ಲ. ಕರ್ವ್ಸ್ ಆದ ಮ್ಯಾಲ ತಿದ್ದಾಕ ಬರೂದಿಲ್ಲ, ಅದಕ್ಕ ಮೂಲ ಫೈಲ್ ಬ್ಯಾರೆ ಇಟ್ಕೋರಿ. ಕನ್ನಡಕ್ಕ ಸಾಲಿನ ನಡುವಿನ ಜಾಗ ಇಂಗ್ಲಿಷ್‌ಗಿಂತ ಹೆಚ್ಚು ಬೇಕು, ಮ್ಯಾಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಕ್ತೈತಿ. ಬೆಳಗಾವ್ಯಾಗ ಮರಾಠಿ ಅಭಂಗನೂ ಹಾಡೋರಿದ್ರ ಎರಡೂ ಲಿಪಿ ಹಾಕ್ರಿ, ಆದ್ರ ಒಂದನ್ನ ಮುಂದ ದೊಡ್ಡದಾಗಿ, ಇನ್ನೊಂದನ್ನ ಒಳಗ ಪೂರ್ತಿ ಸಾಹಿತ್ಯದ ಜೋಡಿ, ಎರಡನ್ನೂ ಮುಂದ ಸರಿಸಮ ತುರುಕಿದ್ರ ಎರಡೂ ಓದಾಕ ಬರೂದಿಲ್ಲ.

ಹಾಡಿಗೆ ಅಕ್ಷರದ ಖರ್ಚು ಯಾಕ ಅನ್ನೋರು ನಮ್ಮ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹನ್ನ ನೆನಸ್ಕೋಬೇಕು. ತಾನು ಕಟ್ಟಿದ ಹಾಡುಗಳ ಪುಸ್ತಕ 'ಕಿತಾಬ್-ಎ-ನೌರಸ್'ನ್ನ ಖಲೀಲುಲ್ಲಾ ಅನ್ನೋ ಅಕ್ಷರಗಾರ ಚಂದ ಬರೆದು ತಂದು ಕೊಟ್ಟಾಗ, 'ಲೇಖನಿಯ ಬಾದಶಾಹ' ಅಂತ ಬಿರುದು ಕೊಟ್ಟ. ಹಾಡು ಕಟ್ಟಿದಾವ ಸುಲ್ತಾನ, ಅಕ್ಷರ ಬರೆದಾವಗ ಬಾದಶಾಹನ ಪಟ್ಟ. ನಾವು ಡಿಟಿಪಿ ಹುಡುಗಗ ಚಾದ ರೊಕ್ಕ ಕೊಡಾಕ ಚೌಕಾಶಿ ಮಾಡ್ತೀವಿ.

ಇನ್ನ ಕಾನೂನಿನ ಮಾತು, ಚಿಕ್ಕದಾಗಿ. ಕಾಪಿರೈಟ್ ಕಾಯ್ದೆಯ 52ಎ ಕಲಮಿನ ಪ್ರಕಾರ ಧ್ವನಿಮುದ್ರಣದ ಮ್ಯಾಲ ಮತ್ತ ಅದರ ಡಬ್ಬಿ ಮ್ಯಾಲ ಮೂರು ವಿವರ ಇರಬೇಕು: ಧ್ವನಿಮುದ್ರಣ ಮಾಡಿದವರ ಹೆಸರು-ವಿಳಾಸ, ಹಕ್ಕುದಾರರ ಹೆಸರು-ವಿಳಾಸ, ಮೊದ್ಲ ಪ್ರಕಟ ಆದ ವರ್ಷ. ಕಾರ್ಡ್ ಪೆನ್‌ಡ್ರೈವ್ ಮಾಡೋರು ಜಾಗಾ ಇಲ್ಲಂತ ಇದನ್ನ ಬಿಡ್ತಾರ, ಬಿಡಬ್ಯಾಡ್ರಿ, ಹಿಂದಿನ ಬದಿಗೆ ಸಣ್ಣ ಅಕ್ಷರದಾಗ ಕೂಡ್ತೈತಿ. ಹಳೇ ಪದ ಆದ್ರ ಪದ ಕಟ್ಟಿದವರ ಹೆಸರು ಹಾಕ್ರಿ, ಗೊತ್ತಿಲ್ಲಂದ್ರ ಯಾವ ಊರಾಗ ಯಾರ ಬಾಯಿಂದ ಕಲಿತ್ರಿ ಅನ್ನೋದರ ಹಾಕ್ರಿ.

ಎಷ್ಟು ಪ್ರತಿ ಅನ್ನೋದು ಕಡೀ ಪ್ರಶ್ನಿ. ಆಫ್‌ಸೆಟ್‌ನ್ಯಾಗ ಪ್ಲೇಟಿನ ಖರ್ಚು ಮೊದ್ಲ ಬೀಳ್ತೈತಿ, ಹಂಗಾಗಿ ಸಾವಿರಕ್ಕ ಸೋವಿ, ನೂರಿನ್ನೂರಕ್ಕ ಡಿಜಿಟಲ್ ಪ್ರಿಂಟೇ ಸರಿ. ಪ್ರೆಸ್ಸಿನವರು 'ಸಾವಿರ ಹಾಕಿಸ್ರಿ, ಒಂದಕ್ಕ ಎಷ್ಟು ಕಮ್ಮಿ ಬೀಳ್ತೈತಿ ನೋಡ್ರಿ' ಅಂತಾರ, ಒಂದಕ್ಕ ಕಮ್ಮಿ ಬೀಳೋದು ಖರೆ, ಉಳಿದ ಏಳುನೂರು ಅಟ್ಟದ ಮ್ಯಾಲ ಬೀಳೋದೂ ಖರೆ. ಬಣ್ಣ ಮೊಬೈಲ್ ಪರದಿ ಮ್ಯಾಲ ಕಂಡಂಗ ಕಾಗದಕ್ಕ ಬರೂದಿಲ್ಲ, ಇಳಕಲ್ ಸೀರಿ ಸೆರಗಿನ ಆ ಕೆಂಪು ಪ್ರಿಂಟಿನ್ಯಾಗ ಇಟ್ಟಂಗಿ ಬಣ್ಣ ಆಗಿ ಕೂಡ್ತೈತಿ, ಅದಕ್ಕ ಫೈಲ್ ಸಿಎಂವೈಕೆದಾಗ (ಪ್ರಿಂಟಿನ ನಾಕು ಶಾಯಿ ಬಣ್ಣದಾಗ), 300 ಡಿಪಿಐ (ಇಂಚಿಗೆ 300 ಚುಕ್ಕಿ), ಕತ್ತರಿಸಾಕ ಸುತ್ತ 3 ಮಿಮೀ ಹೆಚ್ಚು ಬಿಟ್ಟು ಮಾಡಿಸಿ, ಅದ ಕಾಗದದ ಮ್ಯಾಲ ಒಂದು ಪ್ರೂಫ್ ತೆಗೆಸಿ ಬಿಸಲಾಗ ಹಿಡಿದು ನೋಡ್ರಿ. ಬನಶಂಕರಿ ಜಾತ್ರಿಗೆ ಮಾರೋದಾದ್ರ ದೀಪಾವಳಿ ಮುಗೀತಲೇ ಈ ಪ್ರೂಫ್ ಕೈಯಾಗಿರಬೇಕು, ಜನವರಿ ಹತ್ರ ಬಂತಂದ್ರ ಪ್ರೆಸ್ಸಿನವರೆಲ್ಲಾ ಕ್ಯಾಲೆಂಡರ್, ಲಗ್ನಪತ್ರಿಕಿ ಕೆಲಸದಾಗ ಮುಳುಗಿರ್ತಾರ, ನಿಮ್ಮ ಫೋನ್ ಎತ್ತೂದಿಲ್ಲ.